ಜಾಹೀರಾತಿನ ದರ, ನಿಜವಾದ ಖರ್ಚು: ಐವರ ಕ್ರೂಸ್ ಪ್ರವಾಸದ ಒಂದು ಪ್ರಕರಣ

ಐದು ಮಂದಿಯ ಕುಟುಂಬವೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿಗಳ ಕ್ರೂಸ್ ಪ್ರವಾಸವನ್ನು (ಹಡಗಿನಲ್ಲೇ ತಂಗುತ್ತ ಬಂದರಿನಿಂದ ಬಂದರಿಗೆ ಸಾಗುವ ಪ್ರವಾಸ) ತನ್ನ ಶಕ್ತಿಗೆ ತಕ್ಕಂತೆ ಹೊಂದಿಸಿಕೊಂಡ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಗುರುತು ಸಿಗಬಾರದೆಂದು ಊರು, ಉದ್ಯೋಗ, ಹಡಗಿನ ಕಂಪನಿ ಯಾವುದನ್ನೂ ಹೇಳಿಲ್ಲ. ಹಣದ ಮೊತ್ತಗಳನ್ನೂ ನೇರವಾಗಿ ಕೊಟ್ಟಿಲ್ಲ. ಅವರ ಕಣ್ಣಿಗೆ ಮೊದಲು ಬಿದ್ದ ಜಾಹೀರಾತಿನ ತಲಾ ದರವನ್ನು ಐದರಿಂದ ಗುಣಿಸಿದರೆ ಎಷ್ಟಾಗುತ್ತದೋ ಅದನ್ನು 100 ಎಂದು ಇಟ್ಟುಕೊಂಡು, ಉಳಿದೆಲ್ಲವನ್ನೂ ಆ ಅಳತೆಯಲ್ಲೇ ಹೇಳಿದ್ದೇನೆ.

ಹಿನ್ನೆಲೆ

ಗಂಡ, ಹೆಂಡತಿ, ಹದಿನಾಲ್ಕು ವರ್ಷದ ಮಗ, ಎಂಟು ವರ್ಷದ ಮಗಳು, ಜೊತೆಗೆ ಗಂಡನ ತಾಯಿ. ಅಜ್ಜಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವಿತ್ತು. ದಿನಕ್ಕೊಂದು ಹೋಟೆಲ್ ಬದಲಿಸುವ, ಸೂಟ್‌ಕೇಸ್ ಎಳೆದುಕೊಂಡು ಮೆಟ್ಟಿಲು ಹತ್ತುವ ಪ್ರವಾಸ ಅವರಿಂದಾಗುವಂತಿರಲಿಲ್ಲ. ಒಮ್ಮೆ ಸಾಮಾನು ಬಿಚ್ಚಿಟ್ಟರೆ ವಾರವಿಡೀ ಮತ್ತೆ ಕಟ್ಟುವ ಗೊಡವೆಯಿಲ್ಲ ಎಂಬ ಒಂದೇ ಕಾರಣಕ್ಕೆ ಮನೆಯವರು ಕ್ರೂಸ್ ಆರಿಸಿಕೊಂಡರು. ಕಾರಣ ಸರಿಯಾಗಿಯೇ ಇತ್ತು. ಮನೆಯ ಲೆಕ್ಕಪತ್ರ ನೋಡುತ್ತಿದ್ದವರು ಸೊಸೆ. ಪ್ರವಾಸದ ಖರ್ಚನ್ನು ಕೂಡಿ ಕಳೆದು ನೋಡಿಕೊಡಿ ಎಂದು ಅವರು ನನ್ನನ್ನು ಕೇಳಿದಾಗ ಕೈಯಲ್ಲಿ ಒಂದು ಜಾಹೀರಾತು, ಮನಸ್ಸಿನಲ್ಲಿ ಒಂದು ಮಿತಿ ಇತ್ತು. ಮನೆ ಬಿಟ್ಟು ಮನೆ ಸೇರುವವರೆಗೆ ಎಲ್ಲ ಸೇರಿ 220 ದಾಟಬಾರದು.

ಜಾಹೀರಾತಿನಲ್ಲಿದ್ದದ್ದು ಜುಲೈ ತಿಂಗಳ ಪ್ರವಾಸ. ವೆನಿಸ್‌ನಿಂದ ಹೊರಟು ಮಾಂಟೆನೆಗ್ರೋದ ಕೋಟರ್, ಗ್ರೀಸ್‌ನ ಮೈಕೊನೊಸ್ ಮತ್ತು ಸ್ಯಾಂಟೊರಿನಿ ದ್ವೀಪಗಳನ್ನು ಸುತ್ತಿ ಬರುವ ಮಾರ್ಗ. ಚಿತ್ರಗಳು ಚೆಲುವಾಗಿದ್ದವು. ದರ 100, ಮಿತಿ 220. ಇನ್ನೇನು ತೊಂದರೆ ಎಂದು ಮಗನಿಗೆ, ಅಂದರೆ ಅಜ್ಜಿಯ ಮಗನಿಗೆ, ಅನಿಸಿದ್ದು ಸಹಜ.

ಸಮಸ್ಯೆ

ಕ್ರೂಸ್ ಜಾಹೀರಾತಿನ ತಲಾ ದರ ಎಂದರೆ ಕಿಟಕಿಯಿಲ್ಲದ ಒಳಕ್ಯಾಬಿನ್‌ನಲ್ಲಿ ಇಬ್ಬರು ಒಟ್ಟಿಗಿದ್ದಾಗ ಒಬ್ಬರ ಪಾಲಿಗೆ ಬರುವ ಮೊತ್ತ. ಬಂದರು ಶುಲ್ಕ ಮತ್ತು ತೆರಿಗೆ ಹಲವು ಕಡೆ ಬೇರೆ. ಸಿಬ್ಬಂದಿಗೆಂದು ತಲೆಗೆ, ರಾತ್ರಿಗೆ ಇಷ್ಟು ಎಂದು ಸೇರುವ ಸೇವಾ ಶುಲ್ಕ ಬೇರೆ. ಇವೆರಡೂ ಸಾಮಾನ್ಯವಾಗಿ ಬೇಡವೆಂದು ಬಿಡಬಹುದಾದ ಖರ್ಚುಗಳಲ್ಲ. ವಿಮಾನ, ಹಡಗು ಹತ್ತುವ ಮುನ್ನಾದಿನದ ಹೋಟೆಲ್, ವೀಸಾ, ವಿಮೆ, ಬಂದರುಗಳಲ್ಲಿ ಇಳಿದಾಗಿನ ಸುತ್ತಾಟ, ಪಾನೀಯಗಳಿಗೆ ಒಟ್ಟಿಗೇ ಹಣ ಕಟ್ಟುವ ಪ್ಯಾಕೇಜ್, ಇಂಟರ್ನೆಟ್ ಎಲ್ಲ ಬರೆಯುತ್ತ ಹೋದಾಗ ಮೊತ್ತ 308ಕ್ಕೆ ಬಂದು ನಿಂತಿತು. ವಿಮಾನವೊಂದೇ 95. ಹಡಗಿನವರೇ ಏರ್ಪಡಿಸುವ ಬಂದರು ಸುತ್ತಾಟಗಳಿಗೆ 30. ಪಾನೀಯ ಮತ್ತು ಇಂಟರ್ನೆಟ್‌ಗೆ 25. ಮೂಗಿಗಿಂತ ಮೂಗುತಿ ಭಾರ ಎಂಬುದು ಇಂಥದ್ದಕ್ಕೇ ಹುಟ್ಟಿದ ಮಾತಿರಬೇಕು.

ಮಾರ್ಗದಲ್ಲೂ ತೊಡಕುಗಳಿದ್ದವು. ‘ವೆನಿಸ್‌ನಿಂದ’ ಎಂದು ದಪ್ಪಕ್ಷರದಲ್ಲಿದ್ದ ಹಡಗು ನಿಜಕ್ಕೂ ಹೊರಡುತ್ತಿದ್ದದ್ದು ರವೆನ್ನಾದಿಂದ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ವೆನಿಸ್‌ನ ಜ್ಯೂಡೆಕ್ಕಾ ಕಾಲುವೆಯೊಳಗೆ ಬರುವಂತಿಲ್ಲ. ಹಾಗಾಗಿ ಹಲವು ಹಡಗುಗಳು ರವೆನ್ನಾ, ಟ್ರಿಯೆಸ್ಟೆಯಂಥ ಬಂದರುಗಳಿಗೆ ಸರಿದುಕೊಂಡಿವೆ. ರವೆನ್ನಾಕ್ಕೂ ವೆನಿಸ್‌ಗೂ ಹತ್ತಿರ ಹತ್ತಿರ 150 ಕಿ.ಮೀ. ಅಷ್ಟು ದೂರ ಐದು ಮಂದಿ ಹೋಗಿ ಬರುವ ಖರ್ಚು ಜಾಹೀರಾತಿನ ಯಾವ ಮೂಲೆಯಲ್ಲೂ ಇರಲಿಲ್ಲ. ಮಾಂಟೆನೆಗ್ರೋ ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ವೀಸಾ ಬೇಕಾದವರು ಅಲ್ಲಿಗೆ ಹೋಗಿ ಮತ್ತೆ ಗ್ರೀಸ್ ಅಥವಾ ಇಟಲಿಗೆ ಬರಬೇಕಾದರೆ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಒಪ್ಪಿಗೆಯಿರುವ ವೀಸಾ ಪಡೆದಿರಬೇಕು. ಗ್ರೀಸ್ 2025ರಿಂದ ದಡಕ್ಕಿಳಿಯುವ ಕ್ರೂಸ್ ಪ್ರಯಾಣಿಕರಿಂದ ಶುಲ್ಕ ವಸೂಲು ಮಾಡುತ್ತಿದೆ. ಬೇಸಿಗೆಯಲ್ಲಿ ಮೈಕೊನೊಸ್, ಸ್ಯಾಂಟೊರಿನಿಗಳಲ್ಲಿ ಅದು ತಲಾ 20 ಯೂರೊ. ಇವೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಸ್ಯಾಂಟೊರಿನಿಯೇ. ಅಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ. ನೀರಿನ ಮೇಲೇ ಸಣ್ಣ ದೋಣಿಗೆ ದಾಟಿಕೊಂಡು ದಡ ಸೇರಬೇಕು, ಅಲ್ಲಿಂದ ಕೇಬಲ್ ಕಾರ್‌ಗೆ ಸರದಿಯಲ್ಲಿ ನಿಲ್ಲಬೇಕು, ಇಲ್ಲವೇ ನೂರಾರು ಮೆಟ್ಟಿಲು ಹತ್ತಬೇಕು. ಯಾರ ಮಂಡಿಗೆಂದು ಈ ಪ್ರವಾಸ ಆರಿಸಿದರೋ ಆ ಮಂಡಿಗೇ ಈ ಮಾರ್ಗ ಒಗ್ಗುತ್ತಿರಲಿಲ್ಲ.

ಏನೇನು ಬದಲಿಸಿದರು

ಮೊದಲು ಬದಲಾದದ್ದು ತಿಂಗಳು. ಮಕ್ಕಳ ಶಾಲೆಗೆ ಏಪ್ರಿಲ್‌ನಲ್ಲೂ ರಜೆಯಿತ್ತು. ಮೆಡಿಟರೇನಿಯನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ದರ ಏರಿರುತ್ತದೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಇಳಿಯುತ್ತದೆ. ಈಸ್ಟರ್ ವಾರ ಮಾತ್ರ ಇದಕ್ಕೆ ಹೊರತು, ಅದನ್ನು ತಪ್ಪಿಸಿದರು. ಇದಕ್ಕೆ ಬೆಲೆ ತೆರಬೇಕಾದವರು ಮಕ್ಕಳು. ಏಪ್ರಿಲ್‌ನಲ್ಲಿ ಸಮುದ್ರದ ನೀರು ಈಜುವಷ್ಟು ಬೆಚ್ಚಗಿರುವುದಿಲ್ಲ. ಇದನ್ನು ಮೊದಲೇ ಮಕ್ಕಳಿಗೆ ಹೇಳಿ, ಮೇಲ್ಛಾವಣಿಯಿರುವ ಈಜುಕೊಳದ ಹಡಗನ್ನೇ ಹುಡುಕಿದ್ದು ಜಾಣತನ. ಹೊಸತಾಗಿ ನೀರಿಗಿಳಿದ, ಜಾರುಬಂಡಿಗಳ ಬೃಹತ್ ಹಡಗನ್ನು ಬಿಟ್ಟು ಕೆಲವು ವರ್ಷ ಹಳೆಯದನ್ನು ಒಪ್ಪಿದ್ದರಿಂದ ದರ ಇನ್ನಷ್ಟು ಇಳಿಯಿತು.

ಎರಡನೆಯದು ಮಾರ್ಗ. ಪಶ್ಚಿಮ ಮೆಡಿಟರೇನಿಯನ್‌ನಲ್ಲಿ ವಾರಕ್ಕೊಂದು ಸುತ್ತು ಹಾಕುವ ಕೆಲವು ಹಡಗುಗಳಿಗೆ ಒಂದೇ ಹತ್ತುವ ಬಂದರು ಎಂಬುದಿಲ್ಲ. ಜಿನೋವಾದಲ್ಲಿ ಹತ್ತಿದವರು ಜಿನೋವಾದಲ್ಲಿ ಇಳಿಯುತ್ತಾರೆ, ಬಾರ್ಸಿಲೋನಾದಲ್ಲಿ ಹತ್ತಿದವರು ಬಾರ್ಸಿಲೋನಾದಲ್ಲಿ. ಹಡಗು ಅದೇ, ಸುತ್ತು ಅದೇ, ಆದರೆ ಯಾವ ಬಂದರಿನಲ್ಲಿ ಹತ್ತುತ್ತೀರಿ ಎಂಬುದರ ಮೇಲೆ ದರ ಬೇರೆಯಾಗಬಹುದು. ಸೊಸೆಗೆ ಈ ಸಂಗತಿ ತಿಳಿದ ದಿನವೇ ಇಡೀ ಲೆಕ್ಕ ತಿರುಗಿತು. ಅಲ್ಲಿಯವರೆಗೆ ಅವರು ಹಡಗು ಆರಿಸಿ ಅದಕ್ಕೆ ವಿಮಾನ ಹುಡುಕುತ್ತಿದ್ದರು. ಈಗ ಅಗ್ಗದ ವಿಮಾನ ಎಲ್ಲಿಗಿದೆ ನೋಡಿ, ಆ ಊರಿನಲ್ಲೇ ಹಡಗು ಹತ್ತಿದರೆ ಹೇಗೆ ಎಂದು ಯೋಚಿಸಿದರು. ಜಿನೋವಾಕ್ಕೆ ವಿಮಾನ ದುಬಾರಿ, ಬಾರ್ಸಿಲೋನಾಕ್ಕೆ ಅಗ್ಗ. ವಿಮಾನದ ಖರ್ಚು 95ರಿಂದ 70ಕ್ಕೆ ಇಳಿಯಿತು. ಹಡಗಿನ ದರದಲ್ಲಿ ಎಷ್ಟು ಚೌಕಾಶಿ ಮಾಡಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ಹೊಸ ಸುತ್ತು ಬಾರ್ಸಿಲೋನಾ, ಮಾರ್ಸೇ, ಜಿನೋವಾ, ನೇಪಲ್ಸ್, ಪಲೆರ್ಮೊ, ಮಾಲ್ಟಾದ ವಲೆಟ್ಟಾ, ಒಂದು ದಿನ ಬರಿಯ ಸಮುದ್ರ, ಮತ್ತೆ ಬಾರ್ಸಿಲೋನಾ. ಇಷ್ಟೂ ಷೆಂಗೆನ್ ವಲಯದೊಳಗೇ. ಇನ್ನೊಂದು ಅನುಕೂಲ ನಕ್ಷೆ ಬಿಡಿಸಿ ನೋಡಿದಾಗಷ್ಟೇ ಕಂಡಿತು. ಕ್ರೂಸ್ ಪಟ್ಟಿಯಲ್ಲಿ ‘ರೋಮ್’ ಎಂದಿದ್ದರೆ ಹಡಗು ನಿಲ್ಲುವುದು ಚಿವಿಟಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 70 ಕಿ.ಮೀ. ‘ಫ್ಲಾರೆನ್ಸ್’ ಎಂದಿದ್ದರೆ ಲಿವೊರ್ನೊ ಅಥವಾ ಲಾ ಸ್ಪೆಜಿಯಾ. ‘ಪ್ಯಾರಿಸ್’ ಎಂದಿದ್ದರೆ ಲೆ ಹಾವ್ರ್, ಸುಮಾರು 200 ಕಿ.ಮೀ. ದೂರ. ಹೆಸರಿನ ಊರಿಗೂ ಹಡಗು ನಿಲ್ಲುವ ಕಟ್ಟೆಗೂ ನಡುವಿನ ಆ ಅಂತರವೇ ಬಂದರು ಸುತ್ತಾಟದ ಖರ್ಚನ್ನು ಹಿಗ್ಗಿಸುವುದು. ಜಿನೋವಾ, ನೇಪಲ್ಸ್, ಪಲೆರ್ಮೊಗಳಲ್ಲಿ ಹಡಗಿನಿಂದ ಇಳಿದರೆ ಹಳೆಯ ಊರು ಕಾಲ್ನಡಿಗೆಯಲ್ಲೇ ಸಿಗುತ್ತದೆ. ವಲೆಟ್ಟಾ ಬಂದರಿನಿಂದ ಎತ್ತರದಲ್ಲಿದೆಯಾದರೂ, 2012ರಲ್ಲಿ ಶುರುವಾದ ಬರಾಕ್ಕಾ ಲಿಫ್ಟ್ 58 ಮೀಟರ್ ಮೇಲಕ್ಕೆ ನೇರವಾಗಿ ಉದ್ಯಾನದ ಅಂಚಿಗೇ ತಲುಪಿಸುತ್ತದೆ. ದಡದ ಖರ್ಚಿಗೆಂದು ಇಟ್ಟಿದ್ದ 30 ಎಂಟಕ್ಕೆ ಇಳಿದದ್ದು ಹೀಗೆ.

ಕ್ಯಾಬಿನ್ ಹಂಚಿಕೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಹಳಷ್ಟು ಕುಟುಂಬಗಳು ಎಡವುವುದು ಇಲ್ಲೇ.

ಐದು ಮಂದಿಗೆ ಒಂದೇ ಕ್ಯಾಬಿನ್ ಸಿಗುವುದು ಅಪರೂಪ, ಸಿಕ್ಕರೂ ದುಬಾರಿ. ಎರಡು ಬೇಕೇ ಬೇಕು. ಅಜ್ಜಿಗೆ ಪ್ರತ್ಯೇಕ ಕ್ಯಾಬಿನ್, ಉಳಿದ ನಾಲ್ವರು ಒಟ್ಟಿಗೆ ಎಂಬುದು ಗಂಡನ ಮೊದಲ ಯೋಜನೆ. ನೋಡಲು ಚೊಕ್ಕಟವಾಗಿದೆ. ಆದರೆ ಕ್ಯಾಬಿನ್‌ನಲ್ಲಿ ಒಬ್ಬರೇ ಇದ್ದರೆ ಸಾಮಾನ್ಯವಾಗಿ ಇಬ್ಬರ ದರಕ್ಕೆ ಹತ್ತಿರದ ಮೊತ್ತ ಕೊಡಬೇಕಾಗುತ್ತದೆ. ಇವರಿಗೆ ಬಂದ ದರಪಟ್ಟಿಯಲ್ಲಿ ಪೂರ್ತಿ ಇಬ್ಬರದ್ದೇ ಇತ್ತು. ಮೂರನೆಯ, ನಾಲ್ಕನೆಯ ಹಾಸಿಗೆಗೆ ಅರ್ಧ ದರ. ಅಂದರೆ ನಾಲ್ವರ ಕ್ಯಾಬಿನ್‌ಗೆ ಮೂರು ಪೂರ್ಣ ದರ, ಅಜ್ಜಿಯ ಕ್ಯಾಬಿನ್‌ಗೆ ಎರಡು, ಒಟ್ಟು ಐದು. ಅಜ್ಜಿಯ ಜೊತೆ ಮೊಮ್ಮಗನನ್ನು ಹಾಕಿದರೆ? ಅಲ್ಲಿ ಎರಡು ಪೂರ್ಣ ದರ, ಇತ್ತ ಗಂಡ ಹೆಂಡತಿ ಮತ್ತು ಚಿಕ್ಕ ಮಗಳಿಗೆ ಎರಡೂವರೆ. ಒಟ್ಟು ನಾಲ್ಕೂವರೆ. ಮೊಮ್ಮಗ ಅಲ್ಲಿ ಎರಡನೆಯ ಪ್ರಯಾಣಿಕನಾಗಿ ಪೂರ್ಣ ದರ ಕೊಟ್ಟಂತೆ ಕಂಡರೂ ಆ ಹಣ ಹೇಗೂ ಖಾಲಿ ಹಾಸಿಗೆಗೆ ಹೋಗುತ್ತಿತ್ತು. ಅದೇ ಹಣಕ್ಕೆ ಅಜ್ಜಿಗೆ ರಾತ್ರಿ ಜೊತೆಗೊಬ್ಬನಿದ್ದಂತೆಯೂ ಆಯಿತು. ‘ಮಕ್ಕಳಿಗೆ ಉಚಿತ’ ಎಂಬ ಕೊಡುಗೆ ಇರುವಾಗ ಈ ಲೆಕ್ಕ ಬದಲಾಗುತ್ತದೆ, ಎರಡೂ ಹಂಚಿಕೆ ಸಮವಾಗಲೂಬಹುದು. ಆದ್ದರಿಂದ ಪ್ರತಿ ದರಪಟ್ಟಿಯನ್ನೂ ಎರಡು ಬಗೆಯಲ್ಲಿ ಕೇಳಿ ನೋಡಬೇಕು. ಉಚಿತ ಎಂದಾಗಲೂ ಮಗುವಿನ ಬಂದರು ಶುಲ್ಕ ತಪ್ಪುವುದಿಲ್ಲ ಎಂಬುದು ಸಣ್ಣಕ್ಷರದಲ್ಲಿರುತ್ತದೆ.

ಆಮೇಲೆ ಎದ್ದದ್ದು ಕಿಟಕಿಯ ಪ್ರಶ್ನೆ. ಎರಡೂ ಒಳಕ್ಯಾಬಿನ್ ಎಂದು ತೀರ್ಮಾನವಾಗಿತ್ತು. ಕ್ಯಾಬಿನ್‌ನಲ್ಲಿ ಮಲಗುವುದು ಬಿಟ್ಟರೆ ಏನು ಕೆಲಸ, ಹಡಗಿನ ಬಯಲು ಅಂತಸ್ತು, ಅಂದರೆ ಡೆಕ್, ಎಲ್ಲರಿಗೂ ತೆರೆದೇ ಇರುತ್ತದಲ್ಲ ಎಂಬ ವಾದ ಎಲ್ಲೆಡೆ ಓದಲು ಸಿಗುತ್ತದೆ, ಅದು ತಪ್ಪೂ ಅಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಕಿಟಕಿಯೇ ಇಲ್ಲದ ಕೋಣೆಯಲ್ಲಿ ಮಲಗುವುದಕ್ಕೆ ಸಮುದ್ರಕ್ಕೇ ಹೋಗಬೇಕೇನಮ್ಮ?” ಸೊಸೆ ಮರುದಿನ ನನ್ನ ಬಳಿ ಇದನ್ನೇ ಹೇಳಿ, “ಅತ್ತೆಯ ಮಾತು ಸರಿ. ಹೆಚ್ಚು ಹೊತ್ತು ಕ್ಯಾಬಿನ್‌ನಲ್ಲಿ ಕಳೆಯುವವರು ಅವರೇ” ಎಂದರು. ಅಜ್ಜಿ ಮತ್ತು ಮೊಮ್ಮಗನಿಗೆ ಕಿಟಕಿಯಿರುವ ಕ್ಯಾಬಿನ್, ಉಳಿದ ಮೂವರಿಗೆ ಒಳಕ್ಯಾಬಿನ್ ಎಂದಾಯಿತು. ಕೈಬಿಟ್ಟ ಪಾನೀಯದ ಪ್ಯಾಕೇಜಿನ ಸಣ್ಣದೊಂದು ಭಾಗದಲ್ಲೇ ಅದರ ವ್ಯತ್ಯಾಸ ತೀರಿತು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ಅತಿ ಒಳ್ಳೆಯ ನಿರ್ಧಾರ ಇದು. ಹಣ ಉಳಿಸಿದ್ದಲ್ಲ, ಹಣ ಹಾಕಿದ್ದು.

ಕ್ಯಾಬಿನ್ ಸಂಖ್ಯೆಯನ್ನು ಕಂಪನಿಯೇ ಕೊನೆಯಲ್ಲಿ ನಿಗದಿ ಮಾಡಲಿ ಎಂದು ಬಿಟ್ಟರೆ ಇನ್ನೂ ಸ್ವಲ್ಪ ಕಡಿಮೆಯಾಗುತ್ತಿತ್ತು. ಗಂಡ ಅದಕ್ಕೆ ಪಟ್ಟು ಹಿಡಿದರು. ಎರಡು ಕ್ಯಾಬಿನ್‌ಗಳು ಹಡಗಿನ ಎರಡು ತುದಿಗೆ ಬಿದ್ದರೆ ಅಜ್ಜಿ ದಿನಕ್ಕೆಷ್ಟು ಸಲ ಆ ಉದ್ದನೆಯ ಓಣಿ ನಡೆಯಬೇಕು ಎಂಬ ಪ್ರಶ್ನೆ ಎದ್ದ ಮೇಲೆ ಅವರು ಸುಮ್ಮನಾದರು. ಹಣ ಕೊಟ್ಟು ಆರಿಸಿದ್ದು ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ, ಲಿಫ್ಟ್‌ಗೆ ಹತ್ತಿರ. ತೂಗಾಟ ಅಲ್ಲೇ ಕಡಿಮೆ. ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರುವಂತೆ ನಕ್ಷೆಯಲ್ಲಿ ನೋಡಿಕೊಂಡರು; ಈಜುಕೊಳದ ಡೆಕ್‌ನ ಕೆಳಗಿದ್ದರೆ ಬೆಳಗಾಗುವ ಮುನ್ನವೇ ಕುರ್ಚಿ ಎಳೆಯುವ ಸದ್ದು.

ಬುಕಿಂಗ್ ಆದ ಮೇಲೆ ಒಳಕ್ಯಾಬಿನ್ ದರ ಕೊಂಚ ಇಳಿಯಿತು. ರದ್ದು ಮಾಡಿ ಮತ್ತೆ ಬುಕ್ ಮಾಡೋಣವೇ ಎಂಬ ಆಸೆ ಹುಟ್ಟಿತು. ಮುಟ್ಟುಗೋಲಾಗುವ ಮುಂಗಡ ಆ ಇಳಿಕೆಗಿಂತ ದೊಡ್ಡದಿತ್ತು. ವಿಷಯ ಅಲ್ಲಿಗೇ ಬಿಟ್ಟರು.

ಅಂತಿಮ ಪಟ್ಟಿ ಹೀಗಿತ್ತು: ಹಡಗಿನ ದರ 84, ಬಂದರು ಶುಲ್ಕ ಮತ್ತು ತೆರಿಗೆ 18, ಸೇವಾ ಶುಲ್ಕ 10, ವಿಮಾನ 70, ಹೋಟೆಲ್ ಮತ್ತು ಓಡಾಟ 10, ದಡದ ಖರ್ಚು 8, ವೀಸಾ ಮತ್ತು ವಿಮೆ 14, ಅನಿರೀಕ್ಷಿತ ಖರ್ಚಿಗೆಂದು ಕೈಮೀಸಲು 6. ಸರಿಯಾಗಿ 220.

ಹಡಗಿನ ಮೇಲೆ

ವಿಮಾನ ಹಲವು ಗಂಟೆ ತಡವಾಗಿ ಹೊರಟಿತು. ಹಿಂದಿನ ದಿನವೇ ಬಾರ್ಸಿಲೋನಾ ತಲುಪುವಂತೆ ಟಿಕೆಟ್ ಮಾಡಿದ್ದರಿಂದ ತಪ್ಪಿದ್ದು ಒಂದು ಸಂಜೆಯ ತಿರುಗಾಟ ಮಾತ್ರ. ಅದೇ ದಿನ ಇಳಿದು ಅದೇ ದಿನ ಹತ್ತುವ ಲೆಕ್ಕವಿದ್ದಿದ್ದರೆ ಹಡಗು ಇವರಿಗಾಗಿ ಕಾಯುತ್ತಿರಲಿಲ್ಲ. ಒಂದು ರಾತ್ರಿಯ ಹೋಟೆಲ್ ಉಳಿಸಲು ಹೋಗಿ ಇಡೀ ಪ್ರವಾಸವನ್ನೇ ಪಣಕ್ಕಿಡುವವರನ್ನು ಕಂಡಾಗ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡೇ ಖರ್ಚಿನ ಕಾರ್ಡ್. ತೋರಿಸಿದರೆ ಸಾಕು, ಖಾತೆಗೆ ಏರುತ್ತದೆ. ಸೊಸೆ ಹತ್ತಿದ ಮೊದಲ ಗಂಟೆಯಲ್ಲೇ ಸ್ವಾಗತ ಕೌಂಟರ್‌ಗೆ ಹೋಗಿ ಇಬ್ಬರು ಮಕ್ಕಳ ಕಾರ್ಡ್‌ನಿಂದಲೂ ಖರ್ಚಿನ ಅವಕಾಶ ತೆಗೆಸಿದರು. ಮಗ ಮುಖ ಊದಿಸಿಕೊಂಡ. ಎರಡು ದಿನದ ನಂತರ ಆಟದ ಯಂತ್ರಗಳ ಕೋಣೆಯ ಮುಂದೆ ಬೇರೊಂದು ಕುಟುಂಬದ ತಂದೆ ಬಿಲ್ ಹಿಡಿದು ಕೂಗಾಡುತ್ತಿದ್ದುದನ್ನು ಅವನೇ ಬಂದು ವರದಿ ಮಾಡಿದನಂತೆ.

ಪಾನೀಯದ ಪ್ಯಾಕೇಜನ್ನು ಒಂದೇ ಕ್ಯಾಬಿನ್‌ನ ವಯಸ್ಕರೆಲ್ಲರೂ ಕೊಳ್ಳಬೇಕು ಎಂಬ ನಿಯಮ ಸಾಮಾನ್ಯ. ಹೆಚ್ಚು ಕುಡಿಯದ ಇವರಿಗೆ ಅದರಿಂದ ಲಾಭವಿರಲಿಲ್ಲ. ಆದರೆ ಮೊದಲ ರಾತ್ರಿ ಊಟದ ಮೇಜಿಗೆ ಬಂದ ನೀರಿನ ಬಾಟಲಿಗಳು ಮರುಬೆಳಿಗ್ಗೆ ಖಾತೆಯಲ್ಲಿ ಸಾಲಾಗಿ ಕುಳಿತಿದ್ದವು. ಯುರೋಪಿನ ಕೆಲವು ಹಡಗುಗಳಲ್ಲಿ ಊಟದ ಜೊತೆಗಿನ ನೀರಿಗೂ ಹಣ. ಬಫೆಯ ನಲ್ಲಿಯಲ್ಲಿ ನೀರು ಉಚಿತ. ಅಂದಿನಿಂದ ಪ್ರತಿ ಬೆಳಿಗ್ಗೆ ಟಿ.ವಿ. ಪರದೆಯಲ್ಲಿ ಖಾತೆ ನೋಡುವುದು ಅಜ್ಜಿಯ ಪಾಲಿನ ಕೆಲಸವಾಯಿತು. ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿಸಿಕೊಂಡು, ಇದು ಯಾರದ್ದು ಎಂದು ಕೇಳುತ್ತಿದ್ದರು. ಯಾವ ಆ್ಯಪ್ ಕೂಡ ಇಷ್ಟು ಬಿಗಿಯಾಗಿ ಖರ್ಚು ಹಿಡಿಯದು.

ನೇಪಲ್ಸ್‌ನಲ್ಲಿ ಕುಟುಂಬ ಎರಡಾಯಿತು. ಅಪ್ಪ ಮಗ ಸ್ಥಳೀಯ ರೈಲಿನಲ್ಲಿ ಪ್ರಾಚೀನ ನಗರ ಪಾಂಪೆಯ ಅವಶೇಷ ನೋಡಲು ಹೋದರು. ಹಡಗಿನವರ ಬಸ್‌ನಲ್ಲಿ ಹೋಗುವುದಕ್ಕಿಂತ ತೀರ ಅಗ್ಗ, ಆದರೆ ಹಡಗು ಕಾಯುವುದು ತನ್ನದೇ ಸುತ್ತಾಟದ ಬಸ್‌ಗಳಿಗೆ ಮಾತ್ರ. ಕೊನೆಯ ಗಡುವಿಗಿಂತ ಎರಡು ಗಂಟೆ ಮೊದಲೇ ಕಟ್ಟೆಯಲ್ಲಿರಬೇಕು ಎಂಬ ಷರತ್ತಿನ ಮೇಲೆ ಸೊಸೆ ಒಪ್ಪಿದ್ದರು. ವಾಪಸ್ ರೈಲು ತಡವಾಯಿತು, ಆ ಎರಡು ಗಂಟೆಯಲ್ಲಿ ಒಳ್ಳೆಯ ಪಾಲು ಹೋಯಿತು, ಆದರೂ ಹಡಗು ಸಿಕ್ಕಿತು. ಉಳಿದ ಮೂವರು ಬಂದರಿನ ಎದುರೇ ಇರುವ ಕ್ಯಾಸ್ಟೆಲ್ ನುವೊವೊ ಕೋಟೆಯ ಆಸುಪಾಸಿನಲ್ಲಿ ನಿಧಾನವಾಗಿ ಅಡ್ಡಾಡಿದರು. ವಲೆಟ್ಟಾದಲ್ಲಿ ಐವರೂ ಲಿಫ್ಟ್ ಹತ್ತಿ ಮೇಲಿನ ಉದ್ಯಾನದಿಂದ ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸುವ ತೋಪು ನೋಡಿದರು. ಅದಕ್ಕೆ ಲಿಫ್ಟ್‌ನ ಅಲ್ಪ ಶುಲ್ಕ ಬಿಟ್ಟರೆ ಖರ್ಚಿಲ್ಲ.

ಸಮುದ್ರದ ದಿನ ಮಗಳಿಗೆ ಕಿವಿನೋವು ಶುರುವಾಯಿತು. ಹಡಗಿನ ವೈದ್ಯರು ನೋಡಿದರು, ಮದ್ದು ಕೊಟ್ಟರು, ಶುಲ್ಕ ಕ್ಯಾಬಿನ್ ಖಾತೆಗೆ ಏರಿತು. ರಸೀದಿ ಮತ್ತು ವೈದ್ಯರ ಟಿಪ್ಪಣಿ ಎರಡನ್ನೂ ಕೇಳಿ ಪಡೆದಿದ್ದರಿಂದ ವಿಮೆಯವರು ಆಮೇಲೆ ಹಣ ಕೊಟ್ಟರು. ಇದೇ ದಿನ ಇನ್ನೊಂದು ಖರ್ಚು ಯಾರ ಗಮನಕ್ಕೂ ಬಾರದೆ ನಡೆದಿತ್ತು. ದಡ ದೂರವಾದ ಮೇಲೆ ಗಂಡನ ಮೊಬೈಲ್ ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಸೇರಿಕೊಂಡು, ಫೋಟೊಗಳನ್ನು ಹಿನ್ನೆಲೆಯಲ್ಲಿ ಕಳಿಸುತ್ತ ಕುಳಿತಿತ್ತು. ದೇಶಗಳಿಗೆಂದು ಕೊಂಡ ರೋಮಿಂಗ್ ಪ್ಯಾಕ್‌ಗಳು ಸಾಮಾನ್ಯವಾಗಿ ನಡುಸಮುದ್ರದ ಈ ಜಾಲಕ್ಕೆ ಅನ್ವಯಿಸುವುದಿಲ್ಲ. ಏರ್‌ಪ್ಲೇನ್ ಮೋಡ್‌ಗೆ ಹಾಕಿದ್ದರೆ ಮುಗಿಯುತ್ತಿತ್ತು. ಬಿಲ್ ಕೈಗೆ ಬಂದದ್ದು ಮನೆಗೆ ಮರಳಿದ ಮೇಲೆ.

ಒಟ್ಟು ಲೆಕ್ಕ

ಕೈಮೀಸಲು 6 ಪೂರ್ತಿ ಖರ್ಚಾಯಿತು, ಮೇಲೆ ಮೊಬೈಲ್ ಬಿಲ್ 3. ಒಟ್ಟು 223. ಮಿತಿ ಮೀರಿತು, ಆದರೆ ಮೀರಿದ್ದು ಯಾವುದರಿಂದ ಎಂದು ಬೆರಳಿಟ್ಟು ತೋರಿಸುವಂತಿತ್ತು. ಮೊದಲ ಯೋಜನೆಯ 308ಕ್ಕೆ ಹೋಲಿಸಿದರೆ ಉಳಿದ 85ರಲ್ಲಿ ಹಡಗಿನ ದರದ ಪಾಲು 16 ಮಾತ್ರ. ಉಳಿದದ್ದೆಲ್ಲ ವಿಮಾನ, ಬಂದರುಗಳ ಆಯ್ಕೆ ಮತ್ತು ಕೊಳ್ಳದೆ ಬಿಟ್ಟ ಪ್ಯಾಕೇಜುಗಳಿಂದ ಬಂದದ್ದು. ಕ್ರೂಸ್ ಅಗ್ಗ ಮಾಡಿಕೊಳ್ಳಲು ಹೊರಟವರು ದಿನವಿಡೀ ಹಡಗಿನ ದರದ ಏರಿಳಿತವನ್ನೇ ಕಾಯುತ್ತಾರೆ. ಈ ಪ್ರಕರಣದಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ನಕ್ಷೆ, ವಿಮಾನದ ವೇಳಾಪಟ್ಟಿ ಮತ್ತು ಯಾರು ಯಾವ ಹಾಸಿಗೆಯಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ. ಮನೆಯಲ್ಲೇ ಕುಳಿತು ತೀರ್ಮಾನಿಸಿದ ಖರ್ಚುಗಳು ಹಿಡಿತದಲ್ಲಿದ್ದವು. ಹಡಗಿನ ಮೇಲೆ ತೀರ್ಮಾನವಾದವು, ನೀರಿನ ಬಾಟಲಿಯಿಂದ ಹಿಡಿದು ಮೊಬೈಲ್‌ವರೆಗೆ, ಕೈಮೀಸಲನ್ನು ತಿಂದು ಮಿತಿಯನ್ನೂ ದಾಟಿಸಿದವು.

ಇವರ ನಿರ್ಧಾರಗಳೆಲ್ಲ ಎಲ್ಲರಿಗೂ ಹೊಂದುವುದಿಲ್ಲ. ಇಬ್ಬರೇ ಹೋಗುವ, ಕ್ಯಾಬಿನ್ ಎಲ್ಲಿದ್ದರೂ ಚಿಂತೆಯಿಲ್ಲದ ದಂಪತಿ ಆಯ್ಕೆಯನ್ನು ಕಂಪನಿಗೇ ಬಿಟ್ಟು ಹಣ ಉಳಿಸಿಕೊಳ್ಳಬಹುದು. ಒಂಟಿಯಾಗಿ ಹೋಗುವವರು ಒಬ್ಬರಿಗೆಂದೇ ಕಟ್ಟಿದ ಸಣ್ಣ ಕ್ಯಾಬಿನ್‌ಗಳಿರುವ ಹಡಗನ್ನು ಹುಡುಕುವುದು ಒಳ್ಳೆಯದು. ಶಾಲೆಯ ರಜೆಯ ಹಂಗಿಲ್ಲದವರಿಗೆ ಇನ್ನೊಂದು ದಾರಿಯಿದೆ. ವಸಂತದಲ್ಲಿ ಕೆರಿಬಿಯನ್‌ನಿಂದ ಮೆಡಿಟರೇನಿಯನ್‌ಗೆ, ಶರತ್ಕಾಲದಲ್ಲಿ ಅಲ್ಲಿಂದ ಹಿಂದಕ್ಕೆ ಹಡಗುಗಳು ನೆಲೆ ಬದಲಿಸುತ್ತವೆ. ಅಟ್ಲಾಂಟಿಕ್ ದಾಟುವ ಆ ಒಮ್ಮುಖ ಪ್ರಯಾಣಗಳಲ್ಲಿ ಬಂದರುಗಳು ಕಡಿಮೆ, ಸಮುದ್ರದ ದಿನಗಳು ಹೆಚ್ಚು, ರಾತ್ರಿಯ ಲೆಕ್ಕದಲ್ಲಿ ದರ ಬಹಳ ಸಲ ತೀರ ಕಡಿಮೆ. ಹೋಗಲು ಒಂದು ಖಂಡಕ್ಕೆ, ಮರಳಲು ಇನ್ನೊಂದು ಖಂಡದಿಂದ ವಿಮಾನ ಬೇಕಾಗುತ್ತದೆ. ಆ ಎರಡು ಟಿಕೆಟ್‌ಗಳ ದರ ನೋಡುವ ಮೊದಲು ಅದನ್ನು ಅಗ್ಗವೆನ್ನಲು ಬರುವುದಿಲ್ಲ.